ಡಬ್ಲಿನ್ನಿನಲ್ಲಿ ಬನಹಟ್ಟಿಯ ಸೊಲ್ಲು

ನನಗೆ ಹಾಡಲು ಬರುವುದಿಲ್ಲ. ಇದನ್ನು ವಿನಯದಿಂದ ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ವಿನಯಕ್ಕೂ ನನಗೂ ಅಷ್ಟಾಗಿ ಆಗಿಬರುವುದಿಲ್ಲ. ಹಾಡಲು ಬಂದಿದ್ದರೆ ಬಂದಿದೆ ಎಂದೇ ಹೇಳುತ್ತಿದ್ದೆ, ಅದೂ ನಾಲ್ಕು ಮಂದಿಗೆ ಕೇಳುವಂತೆ. ಆದರೆ ನನ್ನ ದನಿಯ ವಿಷಯದಲ್ಲಿ ನಮ್ಮ ಮನೆತನದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಸಣ್ಣವಳಿದ್ದಾಗ ಒಮ್ಮೆ ಹಬ್ಬದ ದಿನ ಆರತಿಯ ಪದ ಹಾಡಲು ಹೊರಟೆನಂತೆ. ಅಟ್ಟದ ಮೇಲೆ ಮಲಗಿದ್ದ ಅಜ್ಜ ಗಾಬರಿಯಾಗಿ ಇಳಿದು ಬಂದು ಯಾರಿಗೆ ಏನಾಯಿತು ಎಂದು ಕೇಳಿದನಂತೆ. ಈ ಕಥೆಯನ್ನು ನನಗೆ ಹೇಳಿದವಳು ನನ್ನ ಅಕ್ಕ ಗಂಗಕ್ಕ. ನನಗೆ ಮಾತ್ರ ಹೇಳಿದ್ದರೆ ಚಿಂತೆಯಿರಲಿಲ್ಲ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಹೇಳಿದ್ದಳು.

ನಾವಿಬ್ಬರೂ ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವರು. ಅವಳು ಅದೇ ಊರಿನೊಳಗೆ ಎರಡು ಓಣಿ ದಾಟಿ ಗಂಡನ ಮನೆ ಸೇರಿದಳು. ನಾನು ಮದುವೆಯಾಗಿ ಜಮಖಂಡಿಗೆ ಬಂದೆ, ಮುಧೋಳದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದೆ. ಅಕ್ಕನ ಓಣಿಯಲ್ಲಿ ಪ್ರತಿ ಸೋಮವಾರ ಸಂಜೆ ಹೆಂಗಸರ ಭಜನೆ ನಡೆಯುತ್ತದೆ. ಪವರ್‌ಲೂಮುಗಳ ಖಟಖಟ ಸದ್ದು ನಿಂತ ಮೇಲೆ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ದುಂಡಗೆ ಕೂಡುತ್ತಾರೆ. ಕೈಯಲ್ಲಿ ತಾಳ, ನಡುವೆ ಒಂದು ಹಳೆಯ ಹಾರ್ಮೋನಿಯಂ ಪೇಟಿ. ಈ ಗುಂಪಿಗೆ ಮ್ಯಾಳ ಎನ್ನುತ್ತಾರೆ. ಅದರ ಕ್ರಮ ಸರಳ. ಮುಂದಾಳಾದವಳು ಒಂದು ಸೊಲ್ಲು ಹಾಡುತ್ತಾಳೆ, ಉಳಿದವರು ಕೂಡಿ ಅದೇ ಸೊಲ್ಲನ್ನು ಎತ್ತಿ ತಿರುಗಿ ಹಾಡುತ್ತಾರೆ. ಆ ಹೊತ್ತಿನಲ್ಲೇ ಮುಂದಾಳು ಉಸಿರು ತೆಗೆದುಕೊಳ್ಳಬೇಕು, ಮುಂದಿನ ಸೊಲ್ಲು ನೆನಪಿಸಿಕೊಳ್ಳಬೇಕು. ಎತ್ತುವವರು ಇಲ್ಲದಿದ್ದರೆ ಹಾಡು ಅಲ್ಲಿಗೇ ನಿಂತುಬಿಡುತ್ತದೆ.

ಗಂಗಕ್ಕ ಆ ಮ್ಯಾಳದ ಮುಂದಾಳು. ಸೊಲ್ಲು ಎತ್ತುವ ವಿಷಯದಲ್ಲಿ ಅವಳು ಭಾರಿ ಕಟ್ಟುನಿಟ್ಟು. ಯಾರಾದರೂ ಮಾತಾಡುತ್ತ ಕುಳಿತು ಎತ್ತುವುದನ್ನು ಮರೆತರೆ ತಾಳ ಕೆಳಗಿಟ್ಟು ಅವರ ಮುಖವನ್ನೇ ನೋಡುತ್ತಾಳೆ. "ಹಾಡಾಕಿನ್ನ ಒಬ್ಬಾಕಿನ್ನ ಬಿಡಬಾರದವಾ. ದನಿ ಹೆಂಗರ ಇರ್ಲಿ, ಎತ್ತಬೇಕು" ಎಂದು ಬಯ್ಯುತ್ತಾಳೆ. ದನಿ ಹೇಗಾದರೂ ಇರಲಿ ಎಂಬ ಈ ಉದಾರ ನೀತಿ ಎಲ್ಲರಿಗೂ ಅನ್ವಯಿಸುತ್ತದೆ, ನನಗೊಬ್ಬಳಿಗೆ ಬಿಟ್ಟು. ನಾನು ತವರಿಗೆ ಹೋದಾಗಲೆಲ್ಲ ಆಸೆಯಿಂದ ಕಟ್ಟೆಯ ತುದಿಗೆ ಕೂಡುವುದು, ಅಕ್ಕ ನನ್ನ ಕಡೆ ನೋಡಿ "ಸುಶೀಲಾ, ನೀ ಚಹಾದ ಕಡೆ ನೋಡವಾ" ಎನ್ನುವುದು, ನಾನು ಎದ್ದು ಹೋಗುವುದು, ಇದು ಎಷ್ಟೋ ವರ್ಷಗಳಿಂದ ನಡೆದು ಬಂದ ಪದ್ಧತಿ. ಒಲೆಯ ಮುಂದೆ ನಿಂತು ಕೇಳಿ ಕೇಳಿ ಮ್ಯಾಳದ ಎಲ್ಲ ಪದಗಳೂ ನನಗೆ ಬಾಯಿಪಾಠವಾಗಿವೆ. ಬಾಯಿಪಾಠ ಅಂದೆನೇ ಹೊರತು ಬಾಯಿ ಬಿಟ್ಟೆ ಎಂದು ಅನ್ನಲಿಲ್ಲ.

ಹಾಡಲು ಬಾರದ ಬಾಯಿಗೆ ಬೇರೆ ಏನಾದರೂ ಕೆಲಸ ಬೇಕಲ್ಲ. ನನ್ನ ಬಾಯಿ ಊರಿನ ಹೊಗಳಿಕೆಗೆ ಬಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇಷ್ಟು ಸೀಮೆಯಲ್ಲಿ ಹುಟ್ಟಿದ ಯಾವುದರ ಬಗ್ಗೆಯಾದರೂ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ನಮ್ಮ ಸೀರೆಯ ದಡಿ, ನಮ್ಮ ಬೆಲ್ಲದ ಬಣ್ಣ, ಅನಗವಾಡಿಯ ಹತ್ತಿರ ಸಂಜೆಯ ಹೊತ್ತು ಹೊಳೆ ಕಾಣುವ ರೀತಿ, ತೇರದಾಳದ ಬಸದಿಯ ಕಲ್ಲು, ಒಂದೇ ಉಸಿರಿನಲ್ಲಿ ಕನ್ನಡ ಮರಾಠಿ ಎರಡನ್ನೂ ಆಡುವ ನಮ್ಮ ಪೇಟೆಯ ವ್ಯಾಪಾರಿಗಳು. ಬೆಂಗಳೂರಿನ ಮದುವೆಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಬೇಗ ಖಾಲಿಯಾಗುತ್ತದೆ ಎಂದು ನನ್ನ ಯಜಮಾನರು ಹೇಳುತ್ತಾರೆ. ಅವರು ಹುನ್ನೂರಿನವರು, ಆ ಊರನ್ನು ನಾನು ಇನ್ನೂ ಸಾಕಷ್ಟು ಹೊಗಳಿಲ್ಲ ಎಂಬ ಸಿಟ್ಟೂ ಅದರಲ್ಲಿ ಸೇರಿರಬಹುದು.

ಇಂಥ ನಾವಿಬ್ಬರು ಅಕ್ಕತಂಗಿಯರು ಕಳೆದ ವರ್ಷ ಐರ್ಲೆಂಡಿನ ಡಬ್ಲಿನ್ ಪಟ್ಟಣಕ್ಕೆ ಹೋದೆವು. ಅಕ್ಕನ ಕಿರಿಯ ಮಗಳು ರೇಖಾ ಅಲ್ಲಿ ದವಾಖಾನೆಯೊಂದರಲ್ಲಿ ನರ್ಸ್. ಅವ್ವ ಬಂದು ಸ್ವಲ್ಪ ದಿನ ಇರಲಿ ಎಂದು ಅವಳಿಗೆ ಆಸೆ, ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ಚಿಂತೆ. ಹಾಗಾಗಿ ಚಿಗವ್ವನಾದ ನನ್ನನ್ನೂ ಕರೆಸಿದಳು. ಭಾವ ಮಗ್ಗ ಬಿಟ್ಟು ಬರಲೊಲ್ಲೆ ಎಂದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತುಂಬಿದ ಚೀಲಗಳೊಂದಿಗೆ ನಾವು ವಿಮಾನ ಹತ್ತಿದೆವು.

ಆ ದೇಶದಲ್ಲಿ ನನ್ನ ಮನಸ್ಸನ್ನು ಮೊದಲು ಸೆಳೆದದ್ದು ಬೋರ್ಡುಗಳು. ಪ್ರತಿ ರಸ್ತೆಯ ಹೆಸರೂ ಎರಡು ಭಾಷೆಯಲ್ಲಿದೆ. ಮೇಲೆ ಅವರ ಐರಿಷ್, ಕೆಳಗೆ ಇಂಗ್ಲಿಷ್. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನೂ ಎರಡರಲ್ಲೂ ಹೇಳುತ್ತಾರೆ. ಹಾಗಾದರೆ ಎಲ್ಲರೂ ಐರಿಷ್ ಮಾತಾಡುತ್ತಾರೆ ಎಂದುಕೊಂಡೆ. ವಿಮಾನ ನಿಲ್ದಾಣದಿಂದ ಕರೆತಂದ ಟ್ಯಾಕ್ಸಿಯವನನ್ನು ಕೇಳಿದರೆ ಅವನು ಹೊಟ್ಟೆ ಹಿಡಿದು ನಕ್ಕ. ಸಾಲೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಐರಿಷ್ ಕಲಿತನಂತೆ. ಈಗ ನೆನಪಿರುವುದು ಒಂದೇ ಒಂದು ವಾಕ್ಯ: ಪಾಯಿಖಾನೆಗೆ ಹೋಗಲು ಅಪ್ಪಣೆ ಕೊಡಿ ಎಂಬುದು. ನನಗೆ ಅವನ ಮೇಲೆ ತಕ್ಷಣ ಪ್ರೀತಿ ಹುಟ್ಟಿತು. ನನ್ನ ಕೈಯಲ್ಲಿ ಇಂಗ್ಲಿಷ್ ಕಲಿತು ಹೋದ ಮುಧೋಳದ ಎಷ್ಟೋ ಹುಡುಗಿಯರು ಇವತ್ತಿಗೂ ಸಂತೆಯಲ್ಲಿ ಸಿಕ್ಕರೆ ನನಗೆ ಆಡಿ ತೋರಿಸುವ ಇಂಗ್ಲಿಷ್ ವಾಕ್ಯವೂ ಅದೇ. ಭಾಷೆಗಳನ್ನು ಕಲಿಸುವವರು ಜಗತ್ತಿನಲ್ಲೆಲ್ಲ ಒಂದೇ ಫಲ ಪಡೆಯುತ್ತಾರೆ ಎಂದು ತಿಳಿದು ಸಮಾಧಾನವಾಯಿತು.

ಐರಿಷ್ ಮಾತಾಡುವ ನಿಜವಾದ ಮನುಷ್ಯ ನನಗೆ ಸಿಕ್ಕಿದ್ದು ರೇಖಾಳ ಪಕ್ಕದ ಮನೆಯಲ್ಲಿ. ಹೆಸರು ಶೇಮಸ್. ಬಸ್ಸು ಓಡಿಸಿ ನಿವೃತ್ತನಾದ ಮುದುಕ. ಹುಟ್ಟಿದ್ದು ಪಶ್ಚಿಮದ ಕಡಲ ಕಡೆಯ ಹಳ್ಳಿಯಲ್ಲಿ. ಅಲ್ಲಿ ಮನೆಮಾತೇ ಐರಿಷ್, ಇಂಗ್ಲಿಷ್ ಕಲಿತದ್ದು ಆಮೇಲೆ. ಅವನ ಕೋಟಿನ ಮೇಲೆ ಉಂಗುರದಂಥ ಒಂದು ಸಣ್ಣ ಪಿನ್ನು ಯಾವಾಗಲೂ ಇರುತ್ತಿತ್ತು. ಅದೇನೆಂದು ಕೇಳಿದೆ. ಐರಿಷ್ ಬಲ್ಲವರು ಅದನ್ನು ಹಾಕಿಕೊಳ್ಳುತ್ತಾರಂತೆ. ಪೇಟೆಯಲ್ಲಿ ಅಂಥ ಪಿನ್ನು ಕಂಡರೆ ಹೆದರಿಕೆಯಿಲ್ಲದೆ ಐರಿಷಿನಲ್ಲಿ ಮಾತು ತೆಗೆಯಬಹುದು. ನಾನು ಸುಮ್ಮನಿರುತ್ತೇನೆಯೇ? ನಮ್ಮ ಜಮಖಂಡಿಯಲ್ಲಿ ಇದರ ಅಗತ್ಯವೇ ಇಲ್ಲ, ಅಲ್ಲಿ ಯಾರನ್ನು ಬೇಕಾದರೂ ಕನ್ನಡದಲ್ಲಿ ಮಾತಾಡಿಸಬಹುದು, ಮಾತು ಬೇಡ ಎನ್ನುವವರಿಗೆ ಬೇಕಾದರೆ ಪಿನ್ನು ಕೊಡಬಹುದು ಎಂದೆ. ಅವನು ನಕ್ಕು, ಅಂಥ ಊರಿನಲ್ಲಿ ಹುಟ್ಟಿದ್ದು ನಿನ್ನ ಪುಣ್ಯ ಎಂಬರ್ಥದ ಏನನ್ನೋ ಹೇಳಿದ. ಆ ದಿನವೆಲ್ಲ ನಾನು ನೆಲದಿಂದ ಒಂದು ಗೇಣು ಮೇಲೆ ನಡೆದಾಡಿದೆ.

ಬೇಲಿಯ ಎರಡು ಬದಿಗೆ ನಿಂತು ಅವನು ನನಗೆ ಅವರ ಭಾಷೆಯ ಚಮತ್ಕಾರಗಳನ್ನು ಹೇಳುತ್ತಿದ್ದ. ಐರಿಷಿನಲ್ಲಿ ಹೌದು, ಅಲ್ಲ ಎನ್ನುವುದಕ್ಕೆ ಬೇರೆ ಶಬ್ದಗಳೇ ಇಲ್ಲವಂತೆ. ಕೇಳಿದವರ ಮಾತನ್ನೇ ತಿರುಗಿ ಹೇಳಬೇಕು. ಉಂಡೆಯಾ ಎಂದು ಕೇಳಿದರೆ ಉಂಡೆ, ಬಂದೆಯಾ ಎಂದರೆ ಬಂದೆ. ಇದರಲ್ಲಿ ಚಮತ್ಕಾರವೇನು ಎಂದು ನನಗೆ ಮೊದಲು ತಿಳಿಯಲೇ ಇಲ್ಲ. ನಮ್ಮಲ್ಲಿ ಹೌದು, ಇಲ್ಲ ಎರಡೂ ಇದ್ದರೂ ಊಟ ಆತೇನ್ರಿ ಎಂದರೆ ಹೌದು ಎನ್ನುವ ಪ್ರಾಣಿ ಯಾರಿದ್ದಾರೆ? ಆತ್ರಿ ಎನ್ನುತ್ತೇವೆ. ಕೇಳಿದವರ ಮಾತನ್ನು ಎತ್ತಿಕೊಂಡು ಅವರ ಕೈಗೇ ತಿರುಗಿ ಕೊಟ್ಟರೆ ಅದು ಉತ್ತರ. ಒಣ ಹೌದು ಅಂದರೆ ಸಿಟ್ಟಿನಲ್ಲಿದ್ದಾರೆ ಎಂದೇ ಅರ್ಥ. ಈ ಸಾಮ್ಯವನ್ನು ಕಂಡುಹಿಡಿದ ಖುಷಿಯಲ್ಲಿ ನಾನು ಶೇಮಸನಿಗೆ ಅರ್ಧ ತಾಸು ಉಪನ್ಯಾಸ ಕೊಟ್ಟೆ. ಇನ್ನೊಂದು ದಿನ ಹತ್ತಿರದ ಉದ್ಯಾನದಲ್ಲಿ ಕರುವಿನಷ್ಟು ಎತ್ತರದ, ಮೈತುಂಬ ಕೂದಲಿನ ಅವರ ದೇಶದ ನಾಯಿಯನ್ನು ನೋಡಿದಾಗ, ಅದನ್ನು ಹಿಡಿದಿದ್ದ ಹೆಂಗಸನ್ನು ನಿಲ್ಲಿಸಿ ಫೋನಿನಲ್ಲಿ ಮುಧೋಳ ನಾಯಿಯ ಚಿತ್ರ ತೋರಿಸಿದೆ. ಹೊಟ್ಟೆ ಒಳಗೆ ಹೋದ ನಮ್ಮ ನಾಯಿಯನ್ನು ನೋಡಿ ಆಕೆ ಇದಕ್ಕೆ ಊಟ ಹಾಕುವುದಿಲ್ಲವೇ ಎಂದು ಮರುಗಿದಳು. ಅದು ಓಡುವುದನ್ನು ನೋಡಿದರೆ ನಿಮ್ಮ ನಾಯಿಗೆ ಊಟ ಕಡಿಮೆ ಮಾಡುತ್ತೀರಿ ಎಂದು ಹೇಳಿ ಬಂದೆ.

ಹೀಗೆ ನಾನು ಡಬ್ಲಿನ್ನಿನಲ್ಲಿ ಹಿಗ್ಗಿ ತಿರುಗುತ್ತಿದ್ದರೆ ಅಕ್ಕ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದಳು. ಮೊದಮೊದಲು ಚಳಿ ಎಂದಳು. ಆಮೇಲೆ ನಿದ್ದೆ ಬರುವುದಿಲ್ಲ ಎಂದಳು. ರೇಖಾ ದವಾಖಾನೆಗೆ ಹೋದ ಮೇಲೆ ಕಿಟಕಿಯ ಪಕ್ಕ ಕುಳಿತು ರಸ್ತೆ ನೋಡುವುದೇ ಅವಳ ಕೆಲಸವಾಯಿತು. ಗಂಗಕ್ಕ ಎಂದರೆ ಓಣಿಯ ಒಂದು ತುದಿಯಲ್ಲಿ ನಿಂತು ಮಾತಾಡಿದರೆ ಇನ್ನೊಂದು ತುದಿಯಲ್ಲಿ ಉತ್ತರ ಬರಬೇಕು, ಅಂಥವಳು. ಸಾರಿಗೆ ಒಗ್ಗರಣೆ ಹಾಕುವಾಗಲೂ ಒಂದು ಪದ ಗುನುಗುತ್ತಿರುತ್ತಾಳೆ. ಒಂದು ದಿನ ಅವಳು ರೊಟ್ಟಿಯ ಹಿಟ್ಟು ನಾದುತ್ತಿದ್ದಾಗ ಅಡುಗೆಮನೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಅವಳು ಗುನುಗುವುದನ್ನೇ ಬಿಟ್ಟಿದ್ದಳು. ಯಾವತ್ತಿನಿಂದ ಎಂದು ನಾನು ಗಮನಿಸಿಯೂ ಇರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

"ಸುಶೀಲಾ, ಟಿಕೀಟು ಬದ್ಲಿ ಮಾಡ್ಸು. ಲಗೂನ ಊರಿಗೆ ಹೋಗೂಣು" ಎಂದಳು ಅವಳೇ. "ಇಲ್ಲಿ ನಾ ಮೂಕಿ ಆಗೇನಿ ನೋಡು."

"ನಾ ಅದೀನಲ್ಲ ಅಕ್ಕಾ. ನೀ ಹೇಳಿದ್ದೆಲ್ಲಾ ನಾ ಇಂಗ್ಲಿಷ್‌ನ್ಯಾಗ ಹೇಳ್ತೇನಿ."

"ಅದ ನೋಡು ತ್ರಾಸು. ನಾ ಒಂದು ಹೇಳಿದ್ರ ನೀ ಹತ್ತು ಹೇಳ್ತಿ. ಮಂದಿ ನಿನ್ನ ಮಾರಿ ನೋಡ್ತಾರ. ನನ್ನ ಮಾರಿ ಯಾರ್ ನೋಡ್ತಾರ?"

  ಸಂಜೆ ರೇಖಾ ಬಂದಾಗ ವಿಷಯ ತಿಳಿಸಿದೆ. ಅವಳ ಮುಖ ಬಾಡಿತು. ಎಷ್ಟು ದಿನದಿಂದ ಹಾದಿ ಕಾಯ್ದು ಕರೆಸಿಕೊಂಡ ಅವ್ವ ಹೀಗೆ ಬಾಯಿ ಕಟ್ಟಿಕೊಂಡು ಹೊರಟರೆ ಮತ್ತೆ ಬರುವವಳಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಭಾನುವಾರದ ತನಕ ತಡೆಯೋಣ ಎಂದಳು. ಭಾನುವಾರ ಮಧ್ಯಾಹ್ನ ಶೇಮಸ್ ಮತ್ತವನ ಗೆಳೆಯರು ಒಂದು ಕಡೆ ಕೂಡಿ ತಮ್ಮ ಹಳೆಯ ಹಾಡು ಬಾರಿಸುತ್ತಾರೆ, ನಮ್ಮನ್ನೂ ಕರೆದಿದ್ದಾನೆ, ಅವ್ವನಿಗೆ ಹಾಡು ಕೇಳಿಯಾದರೂ ಮನಸ್ಸು ತಿಳಿಯಾದೀತು ಎಂದು ಅವಳ ಲೆಕ್ಕ. ಅವರು ಕೂಡುವ ಜಾಗ ಎಂಥದು ಎಂಬುದನ್ನು ಮಾತ್ರ ಬಾಗಿಲವರೆಗೂ ಹೇಳಲಿಲ್ಲ.

"ಏನವಾ ರೇಖಾ, ಹಡೆದವ್ವನ್ನ ಶೆರೆ ಅಂಗಡಿಗೆ ಕರ್ಕೊಂಡು ಬಂದಿಯಲ್ಲ!" ಅಕ್ಕ ಹೊಸ್ತಿಲಲ್ಲೇ ನಿಂತಳು. "ಬನಹಟ್ಟ್ಯಾಗ ಗೊತ್ತಾದ್ರ ನನ್ನ ಗುಡಿ ಕಟ್ಟಿ ಹತ್ತಿಸ್ತಾರೇನ?"

"ಯವ್ವಾ, ಇಲ್ಲಿ ಚಹಾನೂ ಕೊಡ್ತಾರ ಬೇ. ನೋಡಲ್ಲೆ, ಸಣ್ಣ ಹುಡುಗ್ರನ್ನೂ ಕರ್ಕೊಂಡು ಬಂದಾರ."

ಒಳಗೆ ಇಣುಕಿದರೆ ನಿಜ. ಮುದುಕಿಯರು, ಕೂಸುಗಳು, ಸೂಪು ಕುಡಿಯುವವರು. ನಮ್ಮೂರ ಬಾರುಗಳಂತೆ ಪರದೆ ಬಿಟ್ಟ ಖೋಲಿಗಳಿಲ್ಲ, ತಲೆತಪ್ಪಿಸಿಕೊಂಡು ಓಡುವವರಿಲ್ಲ. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗುರುತಿನವರು ಯಾರೂ ನೋಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಬಂದಳು. ಡಬ್ಲಿನ್ನಿನಲ್ಲಿ ಅವಳ ಗುರುತಿನವರು ಯಾರಿದ್ದರೋ ದೇವರಿಗೇ ಗೊತ್ತು.

ಒಂದು ಮೂಲೆಯಲ್ಲಿ ಮೇಜಿನ ಸುತ್ತ ಹಾಡಿನವರು ಕುಳಿತಿದ್ದರು. ಪಿಟೀಲು, ಕೊಳಲು, ತಿದಿಯೊತ್ತಿ ನುಡಿಸುವ ಸಣ್ಣ ಪೆಟ್ಟಿಗೆ, ತೊಗಲಿನ ದಪ್ಪು. ವೇದಿಕೆಯಿಲ್ಲ, ಮೈಕಿಲ್ಲ. ಅವರು ಒಬ್ಬರಿಗೊಬ್ಬರು ಎದುರಾಗಿ ಕುಳಿತಿದ್ದರಿಂದ ನಮ್ಮ ಕಡೆಗೆ ಕೆಲವರ ಬೆನ್ನೇ ಇತ್ತು. ಯಾರೂ ಸ್ವಾಗತ ಭಾಷಣ ಮಾಡಲಿಲ್ಲ, ಯಾರಿಗೂ ಶಾಲು ಹೊದಿಸಲಿಲ್ಲ. ಒಬ್ಬಾಕೆ ಪಿಟೀಲಿನಲ್ಲಿ ಒಂದು ಧಾಟಿ ಶುರುಮಾಡಿದಳು, ಬಂದವರು ಬಂದಂತೆ ಸೇರಿಕೊಂಡರು. ಸಭೆ ಸಮಾರಂಭಗಳಲ್ಲಿ ದೀಪ ಹಚ್ಚುವುದಕ್ಕೇ ಅರ್ಧ ಹೊತ್ತು ಕಳೆಯುವ ನಾಡಿನಿಂದ ಹೋದ ನನಗೆ ಇದು ತೀರಾ ಮರ್ಯಾದೆಯಿಲ್ಲದ ಕಾರ್ಯಕ್ರಮ ಅನ್ನಿಸಿತು. ಅಕ್ಕನಿಗೆ ಹಾಗನ್ನಿಸಲಿಲ್ಲ.

"ದುಂಡಗ ಕೂತಾರ" ಎಂದಳು ಮೆಲ್ಲಗೆ. ಸ್ವಲ್ಪ ಹೊತ್ತಿಗೆ, "ಮುಂದಾಳು ಯಾರ?"

"ಯಾರೂ ಇಲ್ಲಂತ ಅಕ್ಕಾ."

"ಹುಚ್ಚಿ, ಯಾರೂ ಇಲ್ಲದ ಹೆಂಗ ನಡೀತೈತಿ? ಆ ಪಿಟೀಲಿನಾಕಿನ್ನ ನೋಡು. ಅಕಿ ಹುಬ್ಬು ಹಾರ್ಸಿದ ಕೂಡ್ಲೆ ಧಾಟಿ ಬದ್ಲಿ ಆಗತೈತಿ."

ಎಷ್ಟೋ ದಿನಗಳ ಮೇಲೆ ಅವಳು ಆಡಿದ ಉದ್ದದ ಮಾತು ಅದು. ರೇಖಾ ಮೇಜಿನ ಕೆಳಗೆ ನನ್ನ ಕೈ ಒತ್ತಿದಳು. ಅಕ್ಕನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತ್ತು. ಮುಂದಿನ ಧಾಟಿಗೆ ತಲೆಯೂ ಆಡತೊಡಗಿತು. ತಲೆಯ ಮೇಲಿನ ಸೆರಗು ಹೆಗಲಿಗೆ ಇಳಿಯಿತು.

ಅಷ್ಟರಲ್ಲಿ ಯಾರೋ ಶ್ ಎಂದರು. ವಾದ್ಯಗಳು ನಿಂತವು, ಗಿರಾಕಿಗಳು ಗ್ಲಾಸು ಕೆಳಗಿಟ್ಟರು. ಶೇಮಸ್ ಹಾಡುವವನಿದ್ದ. ಈ ಹಳೆಯ ಧಾಟಿಯ ಹಾಡಿಗೆ ವಾದ್ಯವಿಲ್ಲ, ಜೊತೆಯಿಲ್ಲ, ಒಬ್ಬರೇ ಹಾಡಬೇಕು, ಕೇಳುವವರು ಉಸಿರು ಬಿಗಿಹಿಡಿದು ಕೇಳಬೇಕು ಎಂದು ಅವನು ನನಗೆ ಬೇಲಿಯ ಹತ್ತಿರ ಹೇಳಿದ್ದ. ಅದನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ. ಅವನು ನಮ್ಮ ಮೇಜಿನ ಪಕ್ಕದಲ್ಲೇ ಕುಳಿತು, ಕಣ್ಣು ಮುಚ್ಚಿ, ಐರಿಷಿನಲ್ಲಿ ಶುರುಮಾಡಿದ. ಕಡಲಿಗೆ ಹೋದವನಿಗಾಗಿ ಒಬ್ಬಳು ಕಾಯುವ ಹಾಡಂತೆ. ಉದ್ದನೆಯ ಸೊಲ್ಲು, ನಡುನಡುವೆ ಗಂಟಲಿನಲ್ಲೇ ಸಣ್ಣ ಸಣ್ಣ ತಿರುವುಗಳು. ಮೊದಲ ಸೊಲ್ಲು ಮುಗಿಯಿತು. ಅವನು ಉಸಿರು ತೆಗೆದುಕೊಂಡ.

ಅಕ್ಕ ಎತ್ತಿಬಿಟ್ಟಳು. ಮಾತು ಗೊತ್ತಿಲ್ಲದ್ದರಿಂದ ಬರೀ ಆ ಎಂದು, ಆದರೆ ಧಾಟಿ ಕೂದಲೆಳೆಯಷ್ಟೂ ತಪ್ಪದಂತೆ, ತುಂಬಿದ ಕೊರಳಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಎತ್ತುವ ಹಾಗೇ ಎತ್ತಿದಳು. ಹಾಡುವವನು ಒಬ್ಬನೇ ಇದ್ದಾನೆ, ಸುತ್ತ ಇಷ್ಟು ಮಂದಿ ಇದ್ದೂ ಒಬ್ಬರೂ ಬಾಯಿ ಬಿಡುತ್ತಿಲ್ಲ. ಬನಹಟ್ಟಿಯ ಹೆಣ್ಣುಮಗಳು ಇನ್ನೇನು ಮಾಡಬೇಕಿತ್ತು?

ಎಲ್ಲರೂ ತಿರುಗಿ ನೋಡಿದರು. ಹಿಂದಿನಿಂದ ಮತ್ತೆ ಶ್ ಎಂಬ ಸದ್ದು ಬಂತು. ಆ ಸದ್ದಿಗೆ ಭಾಷಾಂತರ ಬೇಕಿಲ್ಲ. ಅಕ್ಕ ಅರ್ಧಕ್ಕೇ ನಿಲ್ಲಿಸಿದಳು.  ಸೆರಗು ತಿರುಗಿ ತಲೆಯ ಮೇಲೆ ಹೋಯಿತು, ಕೈ ಚೀಲವನ್ನು ಹುಡುಕತೊಡಗಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಗಿಂತ ಹೆಚ್ಚಾಗಿ, ಇನ್ನು ಇವಳು ಈ ದೇಶದಲ್ಲಿ ಬಾಯಿ ತೆರೆಯುವುದಿಲ್ಲ, ನಾಳೆಯೇ ಟಿಕೆಟ್ ಬದಲಿಸುವುದು ಎಂಬ ಸಂಕಟ.

ಆಗ ಶೇಮಸ್ ಕಣ್ಣು ತೆರೆದ. ಎರಡನೆಯ ಸೊಲ್ಲು ಹಾಡುತ್ತಲೇ, ನಿಲ್ಲಿಸದೆ, ತನ್ನ ಬಲಗೈಯನ್ನು ಅಕ್ಕನ ಕಡೆಗೆ ಚಾಚಿದ. ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ಹಾಡುತ್ತಿದ್ದ.

ಅಕ್ಕ ಆ ಕೈಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಆಯುಷ್ಯದಲ್ಲಿ ಭಾವನನ್ನು ಬಿಟ್ಟರೆ ಅವಳ ಕೈ ಹಿಡಿದ ಗಂಡಸು ಎಂದರೆ ಬಳೆಗಾರ ಒಬ್ಬನೇ.

"ಹಿಡೀಲೇನ?" ಎಂದಳು, ತುಟಿಯಲ್ಲಷ್ಟೇ.

"ಹಿಡಿ ಅಕ್ಕಾ" ಎಂದೆ. ಏಕೆ ಹಾಗೆಂದೆನೋ ನನಗೆ ಗೊತ್ತಿಲ್ಲ. ಆ ಪದ್ಧತಿ ನನಗೂ ಆಗ ಗೊತ್ತಿರಲಿಲ್ಲ.

ಹಿಡಿದಳು. ಅವನು ಅವಳ ಕೈಯನ್ನು ಹಾಡಿನ ಓಟಕ್ಕೆ ಸರಿಯಾಗಿ ನಿಧಾನವಾಗಿ ದುಂಡಗೆ ತಿರುಗಿಸತೊಡಗಿದ. ಒಂದೆರಡು ಸುತ್ತು ಅವನು ತಿರುಗಿಸಿದ್ದಷ್ಟೇ, ಆಮೇಲೆ ತಿರುಗಿಸುತ್ತಿದ್ದವಳು ಅಕ್ಕ. ಹುಡುಗಿಯಾಗಿದ್ದಾಗಿನಿಂದ ನೂಲು ಸುತ್ತಲು ರಾಟಿ ತಿರುವಿದ ಕೈ ಅದು. ಸೊಲ್ಲು ಏರಿದಾಗ ಬೇಗ, ಇಳಿದಾಗ ತಡೆದು, ಅವನ ಉಸಿರು ಎಲ್ಲಿ ಮುಗಿಯುತ್ತದೆ ಎಂಬುದು ಅವಳ ಕೈಗೆ ತಿಳಿಯುತ್ತಿತ್ತು. ಸುತ್ತಲಿನವರು ಸೊಲ್ಲು ಸೊಲ್ಲಿಗೂ ಮೆಲ್ಲಗೆ ಏನೇನೋ ಭಲೆ ಎನ್ನುತ್ತಿದ್ದರು. ಶ್ ಎಂದವನೂ ಎನ್ನುತ್ತಿದ್ದ ಎಂದು ನನ್ನ ಊಹೆ, ನಾನು ಅವನ ಕಡೆ ತಿರುಗಿ ನೋಡಲಿಲ್ಲ.

ಹಾಡು ಮುಗಿದ ಮೇಲೆ ಶೇಮಸ್ ನನಗೆ ಇಂಗ್ಲಿಷಿನಲ್ಲಿ ಹೇಳಿದ. ಅವನ ಹಳ್ಳಿಯಲ್ಲಿ ಹಾಡುವವರನ್ನು ಒಂಟಿಯಾಗಿ ಬಿಡುವುದಿಲ್ಲವಂತೆ. ಪಕ್ಕದಲ್ಲಿ ಕುಳಿತವರು ಕೈ ಹಿಡಿದು ಹೀಗೆ ತಿರುಗಿಸುತ್ತ ಜೊತೆ ಕೊಡುತ್ತಾರಂತೆ. ಪಟ್ಟಣಕ್ಕೆ ಬಂದ ಮೇಲೆ ಅವನ ಕೈ ಹಿಡಿದವರಿಲ್ಲ. ಇಲ್ಲಿ ಎಲ್ಲರೂ ಗೌರವದಿಂದ ದೂರ ಕೂಡುತ್ತಾರೆ, ಬಹಳ ಮೆಚ್ಚಿದರೆ ಫೋನು ಎತ್ತಿ ಹಿಡಿಯುತ್ತಾರೆ. ನಾನು ಇದನ್ನು ಅಕ್ಕನಿಗೆ ಹೇಳಿದೆ. ಅಕ್ಕ ದೊಡ್ಡದಾಗಿ ನಿಟ್ಟುಸಿರು ಬಿಟ್ಟಳು. "ಮತ್ತ! ನಾ ಏನ್ ಹೇಳ್ತಿದ್ನಿ ಇಷ್ಟ್ ವರ್ಷ?" ಎಂದಳು. ನನ್ನ ಹೆಮ್ಮೆಯನ್ನು ಹೇಗೆ ಹೇಳಲಿ? ಸೀರೆ, ಬೆಲ್ಲ, ನಾಯಿ ಎಲ್ಲ ಮರೆತುಹೋದವು. ಎದ್ದು ನಿಂತು ಇವಳು ನಮ್ಮಕ್ಕ ಎಂದು ಕೂಗಬೇಕು ಅನ್ನಿಸಿತು.

ಅಷ್ಟಕ್ಕೆ ಮುಗಿದಿದ್ದರೆ ನಾನು ಈ ಪ್ರಬಂಧವನ್ನು ಸುಖವಾಗಿ ಮುಗಿಸಬಹುದಿತ್ತು. ಆದರೆ ಅವರಲ್ಲಿ ಇನ್ನೊಂದು ಪದ್ಧತಿಯಿದೆ. ಹಾಡಿದವರು ಮುಂದೆ ಯಾರು ಹಾಡಬೇಕೆಂದು ಕರೆಯುತ್ತಾರೆ, ಕರೆದರೆ ಒಲ್ಲೆ ಎನ್ನುವಂತಿಲ್ಲ. ಶೇಮಸ್ ಅಕ್ಕನನ್ನು ಕರೆದ.

ಅಕ್ಕ ಒಲ್ಲೆ ಎನ್ನಲೂ ಇಲ್ಲ. ಕರೆದ ಮೇಲೆ ಹಾಡಬೇಕು ಎಂಬುದು ನಮ್ಮ ಮ್ಯಾಳದಲ್ಲೂ ಇರುವುದೇ. ನೆಟ್ಟಗೆ ಕುಳಿತು, ಸೆರಗನ್ನು ನಡುವಿಗೆ ಸಿಕ್ಕಿಸಿ, ನಮ್ಮವ್ವ ಮಗ್ಗದ ಮುಂದೆ ಕುಳಿತು ಹಾಡುತ್ತಿದ್ದ ಪದ ತೆಗೆದಳು. ನೇಯುವಾಗ ಎಳೆ ಹರಿದಿದೆ, ಗಂಟು ಹಾಕಲು ಬಾರೇ ಎಂದು ನೆರೆಮನೆಯವಳನ್ನು ಕರೆಯುವ ಪದ. ಆ ದನಿ ಇಷ್ಟು ದಿನ ಎಲ್ಲಿ ಅಡಗಿತ್ತೋ, ಛಾವಣಿಗೆ ಹೋಗಿ ಮುಟ್ಟಿತು. ಮೊದಲ ಸೊಲ್ಲು ಮುಗಿಸಿ ಅವಳು ನಿಂತಳು.

ಯಾರೂ ಎತ್ತಲಿಲ್ಲ. ಎಲ್ಲಿಂದ ಎತ್ತಬೇಕು? ಆ ಜನ ಕಣ್ಣು ಮುಚ್ಚಿ, ತಮ್ಮ ಕ್ರಮದಂತೆ, ಪೂರ್ತಿ ಗೌರವದಿಂದ ಸುಮ್ಮನಿದ್ದರು. ಶೇಮಸ್ ಕೈ ಚಾಚಿದ, ಅಕ್ಕ ಹಿಡಿದಳು, ಆದರೆ ನಮ್ಮ ಪದ ಕೈಯಿಂದ ನಡೆಯುವಂಥದ್ದಲ್ಲ. ಎದುರಿನಿಂದ ದನಿ ಬರದೆ ಅದು ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಅಕ್ಕ ಅದೇ ಸೊಲ್ಲನ್ನು ಇನ್ನೊಮ್ಮೆ ಹಾಡಿದಳು. ತೂಕಡಿಸುವ ಮ್ಯಾಳವನ್ನು ಎಬ್ಬಿಸಲು ಅವಳು ಮಾಡುವ ಉಪಾಯ ಅದು. ಮತ್ತೆ ಮೌನ. ಅವಳು ಮಗಳ ಕಡೆ ನೋಡಿದಳು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿದ್ದು ಓದಿದ ರೇಖಾಗೆ ಆ ಪದ ಗೊತ್ತಿಲ್ಲ, ಅವಳ ಕಣ್ಣಿನಲ್ಲಿ ನೀರು ಬಂತು. ಆಮೇಲೆ ಅಕ್ಕ ನನ್ನ ಕಡೆ ನೋಡಿದಳು.

ಆ ನೋಟದಲ್ಲಿ ಚಹಾದ ಕಡೆ ನೋಡವಾ ಎಂಬುದು ಇರಲಿಲ್ಲ.

ಎತ್ತಿದೆ. ನನ್ನ ದನಿ ಹೊರಬಿದ್ದಾಗ ಅಟ್ಟದಿಂದ ಅಜ್ಜ ಇಳಿದು ಬಂದಾನು ಎಂದೇ ಒಂದು ಕ್ಷಣ ಅನ್ನಿಸಿತು. ಅಕ್ಕ ನಿಲ್ಲಿಸಿದ ಎತ್ತರ ಎಲ್ಲಿ, ನಾನು ಹಿಡಿದದ್ದು ಎಲ್ಲಿ! ಪಿಟೀಲಿನ ಹೆಂಗಸಿನ ಹುಬ್ಬು ಹಾರಿದ್ದನ್ನು ನಾನೇ ನೋಡಿದೆ. ಆದರೆ ಮಾತು ಒಂದೂ ತಪ್ಪಲಿಲ್ಲ, ಗಂಟು ಹಾಕಲು ಬಾರೇ ಎಂಬಲ್ಲಿಗೆ ಮುಟ್ಟಿಸಿದೆ. ಅಕ್ಕ ಎರಡನೆಯ ಸೊಲ್ಲು ಹಿಡಿದಳು. ಆಗ ನನಗೆ ಕೇಳಿಸಿತು: ಅವಳು ಶ್ರುತಿ ಇಳಿಸಿದ್ದಳು. ತಾಳ ತಪ್ಪಿದವರನ್ನು ಕಣ್ಣಿನಲ್ಲೇ ಸುಡುವ ಗಂಗಕ್ಕ, ಯಾರಿಗಾಗಿಯೂ ತನ್ನ ಎತ್ತರ ಬಿಟ್ಟುಕೊಡದ ಗಂಗಕ್ಕ, ನನ್ನ ದನಿ ಇರುವ ಕಡೆಗೆ ತಾನೇ ಇಳಿದು ಬಂದಿದ್ದಳು.  ಎರಡನೆಯ ಸಲ ಮೊದಲಿಗಿಂತ ಜೋರಾಗಿ ಎತ್ತಿದೆ, ಅದರಿಂದ ದನಿಗೆ ವಿಶೇಷ ಲಾಭವೇನೂ ಆಗಲಿಲ್ಲ.

ಮೂರನೆಯ ಸೊಲ್ಲಿಗೆ ಕೊಳಲು ನನ್ನ ಜೊತೆ ಸೇರಿತು. ನಾಲ್ಕನೆಯದಕ್ಕೆ ಶೇಮಸ್ ಬರೀ ಆ ಎಂದು ಎತ್ತಿದ. ಆಮೇಲೆ ಯಾರು ಯಾರು ಸೇರಿದರೋ ಗೊತ್ತಿಲ್ಲ, ಬಾಗಿಲ ಹತ್ತಿರದ ಸೂಪಿನ ಮುದುಕಿಯರ ತನಕ ಇಡೀ ಅಂಗಡಿ ಮಾತಿಲ್ಲದ ಆ ದನಿಯಲ್ಲಿ ಬನಹಟ್ಟಿಯ ಸೊಲ್ಲನ್ನು ಎತ್ತುತ್ತಿತ್ತು. ಅಕ್ಕ ಮೆಲ್ಲನೆ ತನ್ನ ಎತ್ತರಕ್ಕೆ ಏರಿದಳು. ನನಗೆ ಏರಲಾಗಲಿಲ್ಲ, ನಾನು ಕೆಳಗೇ ಇದ್ದೆ, ಆದರೆ ಇಷ್ಟು ಜನರ ನಡುವೆ ಅದು ಯಾರಿಗೂ ತೊಂದರೆ ಕೊಡಲಿಲ್ಲ. ಪದ ಮುಗಿದ ಮೇಲೆ ಎದ್ದ ಗದ್ದಲವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಊರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ವರ್ಣಿಸಿ ಮುಗಿದಿದೆ.

ಟಿಕೆಟಿನ ಮಾತು ಅಕ್ಕ ಮತ್ತೆ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಬೇಲಿಯ ಹತ್ತಿರ ನಿಂತು ಶೇಮಸನಿಗೆ ಶೇಂಗಾ ಚಟ್ನಿ ಹೇಗೆ ತಿನ್ನಬೇಕೆಂದು ಕನ್ನಡದಲ್ಲಿ ವಿವರಿಸುತ್ತಿದ್ದಳು, ಅವನು ಐರಿಷಿನಲ್ಲಿ ಏನೋ ಉತ್ತರ ಕೊಡುತ್ತಿದ್ದ, ಇಬ್ಬರಿಗೂ ನನ್ನ ಇಂಗ್ಲಿಷಿನ ಅಗತ್ಯ ಬಿದ್ದಂತೆ ಕಾಣಲಿಲ್ಲ. ಆದರೆ ಅದಕ್ಕೆ ಮೊದಲು ಭಾನುವಾರದ್ದೇ ಒಂದು ಮಾತು ಉಳಿದಿದೆ, ಅದನ್ನು ಹೇಳದೆ ನಿಮ್ಮನ್ನು ಬಿಡುವವಳಲ್ಲ ನಾನು.

ಗದ್ದಲ ಇಳಿದ ಮೇಲೆ ಪಿಟೀಲಿನ ಹೆಂಗಸು ನಮ್ಮ ಮೇಜಿಗೆ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಹಾಡಿನಲ್ಲಿ ಉತ್ತರ ಕೊಟ್ಟ ಇವರು ಯಾರು ಎಂದು ಕೇಳಿದಳು.

"ಏನ ಅಂತಾಳ?" ಎಂದಳು ಅಕ್ಕ.

"ನಾ ಯಾರು ಅಂತ ಕೇಳಾಕತ್ತಾಳ."

ತಂಗಿ ಎನ್ನುತ್ತಾಳೆ ಎಂದುಕೊಂಡು ಇಂಗ್ಲಿಷ್ ಶಬ್ದವನ್ನು ಆಗಲೇ ನಾಲಿಗೆಯ ತುದಿಗೆ ತಂದಿಟ್ಟುಕೊಂಡಿದ್ದೆ. ಅಕ್ಕ ತಣ್ಣಗಾಗಿದ್ದ ಚಹಾದ ಕಪ್ಪನ್ನು ತಾನೇ ಬದಿಗೆ ಸರಿಸಿದಳು.

"ನಮ್ಮ ಮ್ಯಾಳದಾಕಿ ಅಂತ ಹೇಳು" ಎಂದಳು.

ಹೇಳಿದೆ. ಎರಡು ಸಲ ಹೇಳಿದೆ, ಮೊದಲ ಸಲವೇ ಆಕೆಗೆ ಚೆನ್ನಾಗಿ ಕೇಳಿಸಿತ್ತು ಎಂದು ಗೊತ್ತಿದ್ದೂ.